‘ಡೌಟು’ ಅಂದ್ರೆ ಹೌದು ಅಂತಲೋ, ಇಲ್ಲ ಅಂತಲೋ?

ಪ್ರಶ್ನೆ: ಮೇಡಂ, ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಒಂದು ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ಟೀಮಿನಲ್ಲಿದ್ದೇನೆ. ಒಂದು ಸಂಜೆ ಸರ್ವರಿನ ಡಿಸ್ಕ್ ತುಂಬುತ್ತಾ ಬಂದಿತ್ತು. ರಾತ್ರಿ ನಿಂತುಹೋಗಬಹುದು ಅಂತ ಅನುಮಾನ ಬಂದು, ಲಂಡನ್ನಿನ ಕ್ಲೈಂಟಿಗೆ ‘ಐ ಡೌಟ್ ದ ಸರ್ವರ್ ವಿಲ್ ಗೋ ಡೌನ್ ಟುನೈಟ್’ ಅಂತ ಮೇಲ್ ಹಾಕಿದೆ. ಅವರು ‘ಗ್ರೇಟ್, ಥ್ಯಾಂಕ್ಸ್’ ಅಂದು ಸುಮ್ಮನಾದರು. ರಾತ್ರಿ ಸರ್ವರ್ ನಿಂತೇ ಹೋಯಿತು. ಮಾರನೇ ದಿನ ಮೀಟಿಂಗಿನಲ್ಲಿ ‘ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ’ ಅಂತ ನನ್ನ ಮೇಲೇ ಬಂತು. ನಾನು ಎಚ್ಚರಿಕೆ ಕೊಟ್ಟಿದ್ದೆ. ನನ್ನ ವಾಕ್ಯದಲ್ಲಿ ತಪ್ಪೇನಿತ್ತು?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಇದ್ದಿದ್ದರೇ ಒಳ್ಳೆಯದಾಗುತ್ತಿತ್ತು, ‘ಏನು ಹೇಳ್ತಾ ಇದ್ದೀರಿ?’ ಅಂತ ಅವರು ತಿರುಗಿ ಕೇಳುತ್ತಿದ್ದರು. ವಾಕ್ಯ ಚೆನ್ನಾಗಿಯೇ ಇತ್ತು. ಅರ್ಥ ಮಾತ್ರ ನೀವು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ. ಅವರ ಕಿವಿಗೆ ಅದು ‘ಇವತ್ತು ರಾತ್ರಿ ಸರ್ವರ್ ನಿಲ್ಲುತ್ತೆ ಅಂತ ನನಗೇನೂ ಅನ್ನಿಸಲ್ಲ’ ಅಂತ ಕೇಳಿಸಿದೆ. ಅದಕ್ಕೇ ಥ್ಯಾಂಕ್ಸ್ ಹೇಳಿ ಮಲಗಿದ್ದಾರೆ.

ಇದು ನಿಮ್ಮೊಬ್ಬರ ಕಥೆ ಅಲ್ಲ. ಎಷ್ಟೋ ವರ್ಷ ಇಂಗ್ಲಿಷಿನಲ್ಲೇ ಕೆಲಸ ಮಾಡಿದವರೂ ಇಲ್ಲಿ ಎಡವುತ್ತಾರೆ. ಕಾರಣ ನಮ್ಮ ಕನ್ನಡದೊಳಗೇ ಇದೆ. ಈ ಎರಡು ಮಾತು ನೋಡಿ:

‘ಇವತ್ತು ಮಳೆ ಬರೋದು ಡೌಟು.’
‘ಇವತ್ತು ಮಳೆ ಬರಬಹುದು ಅಂತ ಡೌಟು.’

ಮೊದಲನೆಯದನ್ನು ಕೇಳಿದವರು ಕೊಡೆ ಮನೆಯಲ್ಲೇ ಬಿಟ್ಟು ಹೊರಡುತ್ತಾರೆ. ಎರಡನೆಯದನ್ನು ಕೇಳಿದವರು ಕೊಡೆ ಹಿಡಿದುಕೊಂಡು ಹೋಗುತ್ತಾರೆ. ಒಂದೇ ‘ಡೌಟು’, ಆದರೆ ಒಂದು ಕಡೆ ‘ಬರಲಿಕ್ಕಿಲ್ಲ’ ಅಂತ ಹೇಳುತ್ತೆ, ಇನ್ನೊಂದು ಕಡೆ ‘ಬಂದರೂ ಬಂದೀತು’ ಅಂತ. ನಾವು ಯಾವತ್ತೂ ಗೊಂದಲ ಆಗುವುದಿಲ್ಲ, ಯಾಕೆಂದರೆ ಡೌಟಿನ ಹಿಂದೆ ಏನಿದೆ ಅನ್ನೋದನ್ನು ನಮ್ಮ ಕಿವಿ ತಾನಾಗೇ ನೋಡಿಕೊಂಡಿರುತ್ತೆ. ‘ಬರೋದು ಡೌಟು’, ‘ಸಿಗೋದು ಡೌಟು’, ‘ಆಗೋದು ಡೌಟು’ ಅಂದರೆ ಇಲ್ಲ ಅನ್ನೋ ಕಡೆ ವಾಲಿದೆ. ‘ಅಂತ ಡೌಟು’ ಅಂದರೆ ಹೌದು ಅನ್ನೋ ಕಡೆ ವಾಲಿದೆ.

ಇಂಗ್ಲಿಷಿನ ‘ಐ ಡೌಟ್’ಗೆ ಇರೋದು ಮೊದಲನೆಯ ಮುಖ ಮಾತ್ರ. ‘ಐ ಡೌಟ್ ಇಟ್ ವಿಲ್ ರೇನ್’ ಅಂದರೆ ಮಳೆ ಬರೋದು ಡೌಟು, ಅಷ್ಟೇ. ಎರಡನೆಯ ಮುಖಕ್ಕೆ ಅವರು ಬೇರೆ ಪದ ಇಟ್ಟುಕೊಂಡಿದ್ದಾರೆ: ‘ಸಸ್ಪೆಕ್ಟ್’. ‘ಐ ಸಸ್ಪೆಕ್ಟ್ ಇಟ್ ವಿಲ್ ರೇನ್’ ಅಂದರೆ ಮಳೆ ಬರುತ್ತೇನೋ ಅಂತ ಡೌಟು. ಸಸ್ಪೆಕ್ಟ್ ಅಂದ ಕೂಡಲೇ ನಮಗೆ ಕಳ್ಳ, ಪೊಲೀಸ್, ಲಾಕಪ್ಪು ನೆನಪಾಗುತ್ತೆ, ಹಾಗಾಗಿ ಮಳೆಗೂ ಸರ್ವರಿಗೂ ಅದನ್ನು ಬಳಸೋಕೆ ಕೈ ಬರೋಲ್ಲ. ಇಂಗ್ಲಿಷಿನಲ್ಲಿ ಅದು ದಿನಬಳಕೆಯ ಮಾತು. ಬಸ್ ತಡ ಆಗಬಹುದು, ಸಾರಿಗೆ ಉಪ್ಪು ಜಾಸ್ತಿ ಆಗಿರಬಹುದು, ಮಗುವಿಗೆ ಜ್ವರ ಬರ್ತಾ ಇರಬಹುದು, ಎಲ್ಲದಕ್ಕೂ ‘ಐ ಸಸ್ಪೆಕ್ಟ್’ ನಡೆಯುತ್ತೆ. ಉಚ್ಚಾರದಲ್ಲಿ ಒಂದು ಎಚ್ಚರ. ಕ್ರಿಯಾಪದವಾದಾಗ ಒತ್ತು ‘ಪೆಕ್ಟ್’ ಮೇಲೆ ಬೀಳಬೇಕು. ಶಂಕಿತ ವ್ಯಕ್ತಿ ಅನ್ನೋ ಅರ್ಥದಲ್ಲಿ ಹೇಳುವಾಗ ಒತ್ತು ಮೊದಲ ‘ಸಸ್’ ಮೇಲೆ.

ಇದು ಮೇಲ್‌ಗಳಿಗಷ್ಟೇ ಸೇರಿದ ವಿಷಯ ಅಂದುಕೊಳ್ಳಬೇಡಿ. ಡೆಂಗಿ ಹರಡಿರೋ ಕಾಲದಲ್ಲಿ ವಿದೇಶದಲ್ಲಿರೋ ಮಗಳಿಗೆ ತಂದೆ ‘ಡಾಕ್ಟರ್ ಡೌಟ್ಸ್ ಇಟ್ ಈಸ್ ಡೆಂಗಿ’ ಅಂತ ಮೆಸೇಜ್ ಹಾಕಿದರು ಅಂತ ಇಟ್ಟುಕೊಳ್ಳಿ. ಡಾಕ್ಟರಿಗೆ ಡೆಂಗಿ ಅಂತ ಅನುಮಾನ ಬಂದಿದೆ, ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ ಅನ್ನೋದು ತಂದೆಯ ಮನಸ್ಸಿನಲ್ಲಿರೋದು. ಕನ್ನಡದ ಮನೆಯಲ್ಲಿ ಬೆಳೆದ ಮಗಳು ಅರ್ಥ ಮಾಡಿಕೊಳ್ಳುತ್ತಾಳೆ. ಅದೇ ಮೆಸೇಜನ್ನು ಓದಿದ ಅಲ್ಲಿನ ಗೆಳತಿ ‘ಡೆಂಗಿ ಅಲ್ವಂತೆ, ಬಿಡು’ ಅಂತ ಸಮಾಧಾನ ಮಾಡುತ್ತಾಳೆ. ನಮ್ಮ ಪತ್ರಿಕೆಗಳಲ್ಲಿ ‘ಶಂಕಿತ ಡೆಂಗಿ’ ಅಂತ ಬರುತ್ತಲ್ಲ, ಅದು ‘ಸಸ್ಪೆಕ್ಟೆಡ್ ಡೆಂಗಿ’. ಅಲ್ಲಿ ‘ಡೌಟ್’ ಸೇರಿಸಿದರೆ ಕೆಟ್ಟಿತು.

‘ಅನುಮಾನ’ ಅನ್ನೋ ಪದವನ್ನೇ ಸ್ವಲ್ಪ ನೋಡಿ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ಅದಕ್ಕೆ ಸಂಶಯ ಅನ್ನೋ ಅರ್ಥವೇ ಇಲ್ಲ. ಬೆಟ್ಟದ ಮೇಲೆ ಹೊಗೆ ಕಂಡಿತು, ಹಾಗಾದರೆ ಅಲ್ಲಿ ಬೆಂಕಿ ಇದೆ ಅಂತ ತೀರ್ಮಾನಕ್ಕೆ ಬರುವುದೇ ಅಲ್ಲಿನ ಅನುಮಾನ. ಕನ್ನಡದಲ್ಲಿ ಆ ಪದ ಶಂಕೆಯ ಕಡೆ ಜರುಗಿದೆ, ಆದರೂ ಹಳೆಯ ಅರ್ಥದ ವಾಸನೆ ಪೂರ್ತಿ ಹೋಗಿಲ್ಲ. ‘ಅವನೇ ತಗೊಂಡಿರಬೇಕು ಅಂತ ಅನುಮಾನ’ ಅಂದಾಗ ನಮಗೆ ಏನೋ ಒಂದು ಸುಳಿವು ಸಿಕ್ಕಿರುತ್ತೆ. ಬೆಂಕಿಯಿಲ್ಲದೆ ಹೊಗೆಯಾಡುತ್ತಾ? ಸಸ್ಪೆಕ್ಟ್ ಅನ್ನೋದಕ್ಕೂ ಹೀಗೆ ಸುಳಿವು ಬೇಕು. ಡೌಟ್ ಮಾಡೋಕೆ ಏನೂ ಬೇಕಾಗಿಲ್ಲ, ನಂಬಿಕೆ ಹುಟ್ಟದಿದ್ದರೆ ಸಾಕು.

ಇನ್ನೊಂದು ವಿಷಯ ಹೇಳಿದರೆ ನಿಮಗೆ ಧೈರ್ಯ ಬರಬಹುದು. ನೀವು ಬಳಸಿದ ಅರ್ಥ ಇಂಗ್ಲಿಷಿನಲ್ಲಿ ಹಿಂದೆ ಇತ್ತು. 1600ರ ಆಸುಪಾಸಿನ ಹ್ಯಾಮ್ಲೆಟ್ ನಾಟಕದಲ್ಲಿ, ತಂದೆಯ ಭೂತ ಕಾಣಿಸಿಕೊಂಡಿದೆ ಅಂತ ಕೇಳಿದ ರಾಜಕುಮಾರ ‘ಐ ಡೌಟ್ ಸಮ್ ಫೌಲ್ ಪ್ಲೇ’ ಅನ್ನುತ್ತಾನೆ. ಏನೋ ಮೋಸ ನಡೆದಿದೆ ಅಂತ ನನಗೆ ಅನುಮಾನ ಅಂತ. ಥೇಟ್ ನಮ್ಮ ಥರಾನೇ, ಅಲ್ವಾ? ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಈ ಅರ್ಥ ಇವತ್ತಿಗೂ ಉಳಿದಿದೆ. ಆದರೆ ನಿಮ್ಮ ಕ್ಲೈಂಟ್ ಇರೋದು ಲಂಡನ್ನಿನಲ್ಲಿ. ಅಲ್ಲಿ ಈಗ ಆ ಅರ್ಥ ನಡೆಯೋಲ್ಲ.

ಮುಂದಿನ ಸಲ ‘ಐ ಸಸ್ಪೆಕ್ಟ್ ದ ಸರ್ವರ್ ವಿಲ್ ಗೋ ಡೌನ್ ಟುನೈಟ್’ ಅಂತ ಬರೆಯಿರಿ, ಅರ್ಥ ಸರಿಹೋಗುತ್ತೆ. ನನ್ನನ್ನು ಕೇಳಿದರೆ ಎಚ್ಚರಿಕೆ ಕೊಡುವ ಮೇಲಿನಲ್ಲಿ ಎರಡೂ ಬೇಡ. ‘ದ ಡಿಸ್ಕ್ ಈಸ್ ಆಲ್ಮೋಸ್ಟ್ ಫುಲ್. ದ ಸರ್ವರ್ ಮೇ ಗೋ ಡೌನ್ ಟುನೈಟ್. ಪ್ಲೀಸ್ ಆಕ್ಟ್ ನೌ.’ ಕಂಡಿದ್ದು ಏನು, ಆಗಬಹುದಾದ್ದು ಏನು, ಅವರು ಮಾಡಬೇಕಾದ್ದು ಏನು, ಮೂರೂ ಬಂತು. ಮೀಟಿಂಗಿನಲ್ಲಿ ನಿಮಗಾದ ಬೇಜಾರು ನನಗೆ ಅರ್ಥವಾಗುತ್ತೆ. ನೀವು ಸಮಸ್ಯೆಯನ್ನು ಮೊದಲೇ ಗುರುತಿಸಿದ್ದಿರಿ, ಅದನ್ನು ನಿಮ್ಮ ಮೇಲಿನವರಿಗೆ ಬಿಡಿಸಿ ಹೇಳಿ. ಸುಮ್ಮನೆ ಕೂರಬೇಡಿ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಹೊಸದಾಗಿ ಬಂದಿರೋ ಟೀಚರ್ ಹತ್ತಿರ ‘ಮಿಸ್, ಐ ಹ್ಯಾವ್ ಎ ಡೌಟ್’ ಅಂದಳಂತೆ. ಅದು ತಪ್ಪು ಇಂಗ್ಲಿಷ್ ಅಂತ ಎಲ್ಲರೆದುರು ತಿದ್ದಿದರಂತೆ. ಆಮೇಲೆ ಅವಳು ಕ್ಲಾಸಿನಲ್ಲಿ ಕೈ ಎತ್ತೋದನ್ನೇ ಬಿಟ್ಟಿದ್ದಾಳೆ. ನಾವೆಲ್ಲ ಹಾಗೇ ಕೇಳಿಕೊಂಡು ಬಂದವರಲ್ವಾ? ನಿಜವಾಗಿ ತಪ್ಪಾ?
— ತಾಯಿಯೊಬ್ಬರು, ತಿಪಟೂರು

ಉತ್ತರ: ತಪ್ಪಲ್ಲ. ಭಾರತದ ಇಂಗ್ಲಿಷಿನಲ್ಲಿ ‘ಡೌಟ್’ ಅಂದರೆ ಅರ್ಥವಾಗದೆ ಉಳಿದದ್ದು, ಕೇಳಿ ತಿಳಿದುಕೊಳ್ಳಬೇಕಾದ್ದು. ಪಿಯುಸಿ ಟ್ಯೂಷನ್ನಿನಿಂದ ಹಿಡಿದು ನೀಟ್ ಕೋಚಿಂಗ್‌ವರೆಗೆ ‘ಡೌಟ್ ಕ್ಲಿಯರಿಂಗ್’ ಅಂತ ಬೋರ್ಡ್ ಹಾಕಿಕೊಂಡೇ ನಡೆಸುತ್ತಾರೆ. ಇಷ್ಟು ಜನ, ಇಷ್ಟು ವರ್ಷ, ಒಂದೇ ಅರ್ಥದಲ್ಲಿ ಬಳಸಿ, ಎಲ್ಲರಿಗೂ ಅರ್ಥವೂ ಆಗುತ್ತಿದೆ ಅಂದಮೇಲೆ ಅದು ನಮ್ಮ ಇಂಗ್ಲಿಷಿನ ಬಳಕೆ.

ಆದರೆ ಮಗಳು ಮುಂದೆ ಓದೋಕೋ ಕೆಲಸಕ್ಕೋ ಹೊರದೇಶಕ್ಕೆ ಹೋದರೆ ಒಂದು ವ್ಯತ್ಯಾಸ ಗೊತ್ತಿರಲಿ. ಅಲ್ಲಿನ ಪ್ರೊಫೆಸರಿಗೆ ‘ಐ ಹ್ಯಾವ್ ಎ ಡೌಟ್’ ಅಂದರೆ ‘ನೀವು ಹೇಳಿದ್ದು ಸರಿ ಅಂತ ನನಗೆ ನಂಬಿಕೆ ಬರ್ತಾ ಇಲ್ಲ’ ಅಂತ ಕೇಳಿಸುತ್ತೆ. ಕೆಲವರಿಗೆ ಅದು ಉದ್ಧಟತನ ಅನ್ನಿಸಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಸಾಕು. ಅರ್ಥವೇ ಆಗದಿದ್ದರೆ ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ದಿಸ್ ಪಾರ್ಟ್’ ಅಂತ ನೇರವಾಗಿ ಹೇಳಬಹುದು. ಎರಡೂ ಬಳಕೆ ಕಲಿತಿರಲಿ, ಎಲ್ಲಿ ಯಾವುದು ಅಂತ ಅವಳೇ ನೋಡಿಕೊಳ್ಳುತ್ತಾಳೆ.

ನನಗೆ ನಿಜಕ್ಕೂ ಸಂಕಟ ಆಗಿದ್ದು ಅವಳು ಕೈ ಎತ್ತೋದು ಬಿಟ್ಟಳು ಅನ್ನೋ ಮಾತಿಗೆ. ಟೀಚರ್ ಮೊದಲು ಅವಳ ಪ್ರಶ್ನೆಗೆ ಉತ್ತರ ಕೊಟ್ಟು, ಪದದ ವಿಷಯ ಆಮೇಲೆ ಹೇಳಬಹುದಿತ್ತು. ನೀವೇ ಒಮ್ಮೆ ಶಾಲೆಗೆ ಹೋಗಿ ಅವರ ಹತ್ತಿರ ಸಮಾಧಾನವಾಗಿ ಮಾತಾಡಿ. ಮಗಳಿಗೂ ಹೇಳಿ, ನಾಳೆಯಿಂದಲೇ ಕೇಳು, ಯಾವ ಪದ ಬಂದರೆ ಅದರಲ್ಲೇ ಕೇಳು ಅಂತ. ಕನ್ನಡದಲ್ಲಾದರೂ ಸರಿ.

ಪ್ರಶ್ನೆ: ಡೌಟ್ ಸ್ಪೆಲ್ಲಿಂಗಿನಲ್ಲಿ ‘ಬಿ’ ಯಾಕಿದೆ? ಓದುವಾಗ ಬಿಡಬೇಕು ಅಂದಮೇಲೆ ಬರೆಯೋದ್ಯಾಕೆ?
— ವಿದ್ಯಾರ್ಥಿ, ಶಿರಸಿ

ಉತ್ತರ: ಮೊದಲು ಆ ಅಕ್ಷರ ಇರಲೇ ಇಲ್ಲ. ಫ್ರೆಂಚಿನಿಂದ ಈ ಪದ ಇಂಗ್ಲಿಷಿಗೆ ಬಂದಾಗ ‘ಬಿ’ ಇಲ್ಲದೆಯೇ ಬರೆಯುತ್ತಿದ್ದರು, ಹಾಗೇ ಓದುತ್ತಿದ್ದರು. ಮುಂದೆ ಲ್ಯಾಟಿನ್ ಮೇಲೆ ಅಭಿಮಾನ ಜಾಸ್ತಿಯಾದ ಕಾಲದಲ್ಲಿ, ಇದರ ಮೂಲ ಲ್ಯಾಟಿನ್ನಿನ ‘ದುಬಿತಾರೆ’ ಅಲ್ಲವೇ ಅಂತ ವಿದ್ವಾಂಸರು ಒಂದು ‘ಬಿ’ ತಂದು ಸೇರಿಸಿದರು. ಬರವಣಿಗೆ ಬದಲಾಯಿತು, ಜನರ ನಾಲಿಗೆ ಬದಲಾಗಲಿಲ್ಲ. ಸಾಲ ಅನ್ನೋ ಅರ್ಥದ ‘ಡೆಟ್’ನಲ್ಲಿರೋ ‘ಬಿ’ಯೂ ಹೀಗೇ ಬಂದದ್ದು. ರಸೀದಿಯ ‘ರಿಸೀಟ್’ನಲ್ಲಿರೋ ‘ಪಿ’ ಕೂಡ. ಹಾಗಾಗಿ ಓದುವಾಗ ಧೈರ್ಯವಾಗಿ ಬಿಡಿ, ಬರೆಯುವಾಗ ಮಾತ್ರ ಮರೆಯಬೇಡಿ. ಆ ಲ್ಯಾಟಿನ್ ಪದಕ್ಕೂ ‘ಎರಡು’ ಅನ್ನೋ ಅರ್ಥದ ‘ದುವೊ’ಗೂ ನಂಟಿದೆ. ನಾವು ‘ಎರಡು ಮನಸ್ಸಾಗಿದೆ’ ಅನ್ನುತ್ತೀವಲ್ಲ, ಹಾಗೆ.

ಪ್ರಶ್ನೆ: ಪೇಪರಿನಲ್ಲಿ ಒಂದು ದಿನ ‘ಸಂಶಯದ ಮೇಲೆ ಬಂಧನ’ ಅಂತ ಬರುತ್ತೆ. ಕೆಲವು ವರ್ಷ ಆದಮೇಲೆ ಅದೇ ಮನುಷ್ಯನಿಗೆ ‘ಸಂಶಯದ ಲಾಭ ನೀಡಿ ಬಿಡುಗಡೆ’ ಅಂತ. ಸಂಶಯಕ್ಕೇ ಹಿಡಿದು ಸಂಶಯಕ್ಕೇ ಬಿಡೋದು ಹೇಗೆ ಮೇಡಂ?
— ನಿವೃತ್ತ ನೌಕರರು, ಧಾರವಾಡ

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಕನ್ನಡದಲ್ಲಿ ಎರಡಕ್ಕೂ ‘ಸಂಶಯ’ ಅಂತಲೇ ಬರೆದದ್ದರಿಂದ ಹಾಗೆ ಕಾಣುತ್ತೆ. ಪೊಲೀಸರು ಹಿಡಿಯೋದು ‘ಸಸ್ಪಿಶನ್’ ಮೇಲೆ. ಇವನೇ ಮಾಡಿರಬೇಕು ಅಂತ ಡೌಟು. ನ್ಯಾಯಾಧೀಶರು ಬಿಡೋದು ‘ಡೌಟ್’ ಮೇಲೆ. ಇವನೇ ಮಾಡಿದ್ದಾನೆ ಅನ್ನೋದು ಡೌಟು. ಒಂದು ಆರೋಪಿಯ ಕಡೆ ಬೆರಳು ತೋರಿಸುತ್ತೆ, ಇನ್ನೊಂದು ಆರೋಪದ ಕಡೆಗೇ ಬೆರಳು ತೋರಿಸುತ್ತೆ.

ಕ್ರಿಮಿನಲ್ ಕೇಸಿನಲ್ಲಿ ಅಪರಾಧವನ್ನು ಸಾಬೀತು ಮಾಡಬೇಕಾದವರು ಸರ್ಕಾರದ ಕಡೆಯವರು. ಅದೂ ತಕ್ಕಮಟ್ಟಿಗೆ ಸಾಲದು, ನ್ಯಾಯವಾದ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಬೇಕು. ಅಂಥ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಅನುಮಾನ ಎಷ್ಟೇ ದೊಡ್ಡದಿದ್ದರೂ ಪುರಾವೆಯ ಜಾಗಕ್ಕೆ ಬಂದು ಕೂರೋಕಾಗಲ್ಲ ಅನ್ನೋದನ್ನು ನಮ್ಮ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. 1984ರ ಒಂದು ಪ್ರಸಿದ್ಧ ತೀರ್ಪಿನಲ್ಲಿ ಈ ಮಾತೂ ಇದೆ, ಸಂಶಯದ ಲಾಭ ಆರೋಪಿಗೆ ಸಲ್ಲಬೇಕು ಅನ್ನೋದೂ ಇದೆ. ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡೋಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಮ್ಮ ವರದಿಗಾರರಿಗೆ ನನ್ನದೊಂದು ಕೋರಿಕೆ. ಬಂಧನಕ್ಕೆ ‘ಶಂಕೆ’, ಬಿಡುಗಡೆಗೆ ‘ಸಂಶಯ’ ಅಂತ ಬೇರೆ ಬೇರೆ ಇಟ್ಟುಕೊಂಡರೆ ಓದುವವರಿಗೆ ಸಲೀಸು. ಕೆಲವು ಪತ್ರಿಕೆಗಳು ಈಗಾಗಲೇ ‘ಶಂಕಿತ’ ಅಂತ ಬರೆಯುತ್ತಿವೆ, ಅದು ಹೀಗೇ ಗಟ್ಟಿಯಾಗಲಿ.

ಪ್ರಶ್ನೆ: ‘ಐ ಹ್ಯಾವ್ ಡೌಟ್ ಆನ್ ಹಿಮ್’, ‘ಐ ಆಮ್ ಡೌಟಿಂಗ್ ಹಿಮ್’: ಯಾವುದು ಸರಿ?
— ಅಂಗಡಿ ಮಾಲೀಕರು, ಹೊಸಪೇಟೆ

ಉತ್ತರ: ಕದ್ದಿರಬಹುದು ಅನ್ನೋ ಅರ್ಥದಲ್ಲಾದರೆ ಎರಡೂ ಬೇಡ, ‘ಐ ಸಸ್ಪೆಕ್ಟ್ ಹಿಮ್’ ಅನ್ನಿ. ಅವನ ಮಾತಿನ ಮೇಲೆ ನಂಬಿಕೆ ಇಲ್ಲ ಅಂತಾದರೆ ‘ಐ ಹ್ಯಾವ್ ಡೌಟ್ಸ್ ಅಬೌಟ್ ಹಿಮ್’. ನಮ್ಮ ‘ಅವನ ಮೇಲೆ ಅನುಮಾನ’ದಿಂದ ಆ ‘ಆನ್’ ನುಸುಳಿದೆ. ‘ಡೌಟಿಂಗ್’ ರೂಪ ಇಲ್ಲವೇ ಇಲ್ಲ ಅಂತಲ್ಲ, ಆದರೆ ನಂಬೋದು, ಗೊತ್ತಿರೋದು, ಡೌಟ್ ಮಾಡೋದು ಇಂಥವಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಹಚ್ಚೋದಿಲ್ಲ.

ಪ್ರಶ್ನೆ: ‘ನೋ ಡೌಟ್’ ಅಂದರೆ ನೂರಕ್ಕೆ ನೂರು ಖಚಿತ ಅಂತ ತಾನೇ?
— ಓದುಗರು, ಮಂಗಳೂರು

ಉತ್ತರ: ಕನ್ನಡದಲ್ಲಿ ಹೌದು. ‘ಈ ಸಲ ಅವರೇ ಗೆಲ್ಲೋದು, ನೋ ಡೌಟ್’ ಅಂದರೆ ಮುಗೀತು. ಇಂಗ್ಲಿಷಿನವರು ‘ನೋ ಡೌಟ್ ಹಿ ಈಸ್ ಬಿಜಿ’ ಅಂದಾಗ ಅಷ್ಟು ಗಟ್ಟಿ ಇರೋಲ್ಲ. ‘ಬಿಜಿ ಇರ್ತಾರೇನೋ, ಬಿಡಿ’ ಅನ್ನೋ ಹದ ಅದಕ್ಕೆ. ಅದರ ಹಿಂದೆಯೇ ‘ಬಟ್’ ಅಂತ ಒಂದು ಆಕ್ಷೇಪ ಬರೋದೂ ಉಂಟು. ‘ಡೌಟ್‌ಲೆಸ್’ ಕೂಡ ಹೆಚ್ಚಾಗಿ ಇದೇ ಗುಂಪು. ನಿಜವಾಗಿ ಖಚಿತ ಅನ್ನಬೇಕಾದರೆ ‘ದೇರ್ ಈಸ್ ನೋ ಡೌಟ್ ದಟ್’ ಅಂತ ಪೂರ್ತಿ ಹೇಳಿ, ಇಲ್ಲವೇ ‘ವಿದೌಟ್ ಎ ಡೌಟ್’ ಬಳಸಿ. ಕೆಲಸದ ಅರ್ಜಿಗೆ ಶಿಫಾರಸು ಪತ್ರ ಬರೆಯುವವರು ಇದನ್ನು ಗಮನಿಸಲೇಬೇಕು. ‘ನೋ ಡೌಟ್ ಶಿ ಈಸ್ ಹಾರ್ಡ್‌ವರ್ಕಿಂಗ್’ ಅಂತ ಬರೆದರೆ ಓದುವವರು ಮುಂದೆ ಒಂದು ‘ಆದರೆ’ಗೆ ಕಾಯುತ್ತಾರೆ. ‘ಶಿ ಈಸ್ ಹಾರ್ಡ್‌ವರ್ಕಿಂಗ್’ ಅಂತಷ್ಟೇ ಬರೆದು, ಅವರು ಮಾಡಿದ ಒಂದು ಕೆಲಸದ ಉದಾಹರಣೆ ಕೊಡಿ.