ಡಿಸ್ಕೊ ಕಾಲದ ರೇಡಿಯೊ ಕ್ಯಾಸೆಟ್: ಹಾಡಿಗಿಂತ ಮೊದಲು ನಡುವಿನ ಮಾತು ಉಳಿಸಿ

ನಿಮ್ಮ ಪ್ರಶ್ನೆ ಇದು: ದೊಡ್ಡಪ್ಪ 1978ರಿಂದ 80ರವರೆಗೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದರು. ಆಗ ರೇಡಿಯೊದಿಂದ ತುಂಬಿಸಿಕೊಂಡ ಒಂಬತ್ತು ಕ್ಯಾಸೆಟ್ ಈಗ ಮಂಗಳೂರಿನ ಮನೆಯ ಅಟ್ಟದಲ್ಲಿ ಸಿಕ್ಕಿವೆ. ಮೇಲೆ 'ಡಿಸ್ಕೊ 92.3', '107.5' ಎಂದಷ್ಟೇ ಬರೆದಿದೆ. ಹಾಡುಗಳೆಲ್ಲ ಯೂಟ್ಯೂಬಿನಲ್ಲಿ ಸಿಗುವಾಗ ಇವನ್ನು ಕಂಪ್ಯೂಟರಿಗೆ ಇಳಿಸುವ ಕಷ್ಟ ಯಾಕೆ, ಇಳಿಸುವುದಾದರೆ ಹೇಗೆ?

ದಯವಿಟ್ಟು ಎಸೆಯಬೇಡಿ. ಹಾಡು ಸಿಗುತ್ತದೆ, ನಿಜ. ಹಾಡಿನ ನಡುವೆ ಮಾತಾಡಿದವರು ಸಿಗುವುದಿಲ್ಲ. ಆ ಕಾಲದಲ್ಲಿ ಬಹುತೇಕ ನಿಲಯಗಳು ಇಡೀ ದಿನದ ಪ್ರಸಾರವನ್ನು ಕಾದಿಡುತ್ತಿರಲಿಲ್ಲ. ಇವತ್ತು ಕೇಳಲು ಉಳಿದಿರುವುದರಲ್ಲಿ ದೊಡ್ಡ ಪಾಲು ನಿಮ್ಮ ದೊಡ್ಡಪ್ಪನಂಥವರು ಮನೆಯಲ್ಲಿ ಕೂತು ತುಂಬಿಸಿಕೊಂಡದ್ದು. ಇಂಥ ಮುದ್ರಣಕ್ಕೆ ಅಲ್ಲಿನವರು 'ಏರ್‌ಚೆಕ್' ಎನ್ನುತ್ತಾರೆ.

ಆಗ 92.3 ಎಂದರೆ ಡಬ್ಲ್ಯುಕೆಟಿಯು. ಮೆಲುದನಿಯ ರಾಕ್ ಹಾಕಿಕೊಂಡು, ಹೆಚ್ಚು ಕೇಳುಗರಿಲ್ಲದೆ ನಡೆಯುತ್ತಿದ್ದ ಎಫ್‌ಎಂ ನಿಲಯ. 1978ರ ಜುಲೈ 24ರ ಸಂಜೆ ಪೂರಾ ಡಿಸ್ಕೊಗೆ ತಿರುಗಿ 'ಡಿಸ್ಕೊ 92' ಆಯಿತು. ವರ್ಷ ಮುಗಿಯುವಷ್ಟರಲ್ಲಿ ಅದರ ಕೇಳುಗರ ಪಾಲು ಶೇಕಡಾ 11.3ಕ್ಕೆ ಏರಿ, ಅಷ್ಟು ವರ್ಷ ನಗರವನ್ನಾಳಿದ್ದ 770 ಎಎಂನ ಡಬ್ಲ್ಯುಎಬಿಸಿಯನ್ನೇ ಹಿಂದೆ ಹಾಕಿತು. ಇಂಗ್ಲಿಷಿನ ನಡುವೆ ಸ್ಪ್ಯಾನಿಷ್ ಬೆರೆಸಿ ಮಾತಾಡುವ ಪಾಕೊ ನವಾರೊ ಅಲ್ಲಿದ್ದರು. ಮೊದಲು ರಾಕ್ ನಿಲಯದಲ್ಲಿ ಹೆಸರು ಮಾಡಿದ್ದ, ತಗ್ಗಿದ ತಂಪು ದನಿಯ ರೋಸ್ಕೊ ಕೂಡ ಅಲ್ಲೇ. 107.5 ಡಬ್ಲ್ಯುಬಿಎಲ್‌ಎಸ್. ಅದರ ಜೀವಾಳ ಫ್ರ್ಯಾಂಕಿ ಕ್ರಾಕರ್. ಯಾವ ಹಾಡು ಹಾಕಬೇಕೆಂದು ತೀರ್ಮಾನಿಸುತ್ತಿದ್ದವರೂ ಅವರೇ, ಮೈಕಿನ ಮುಂದೆ ಕೂರುತ್ತಿದ್ದವರೂ ಅವರೇ. ಅವರ ಕ್ಯಾಸೆಟ್ ನಿಮ್ಮಲ್ಲಿದ್ದರೆ ಒಂದು ನಿಮಿಷ ಸುಮ್ಮನೆ ಕೇಳಿ: ಅವಸರವೇ ಇಲ್ಲದ ದನಿ, ತಾಳದ ಮೇಲೆ ಎಲ್ಲೂ ಎಡವದೆ ಇಳಿಯುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊಟ್ಟಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡೂ ಪ್ಲಾಸ್ಟಿಕ್ ಎಸಳು ಮುರಿದಿವೆಯೇ ನೋಡಿ, ಮುರಿದಿಲ್ಲದಿದ್ದರೆ ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ನಂತರ ಬೂಷ್ಟು. ಕರಾವಳಿಯ ಮಳೆಗಾಲಗಳನ್ನು ಕಳೆದ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಡೆಕ್ಕಿಗೆ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರಕ್ಕೆ, ಹಾಕಲೇಬೇಡಿ. ಒಂದರಿಂದ ಟೇಪು ಓದುವ ಹೆಡ್ಡಿಗೆ, ಹೆಡ್ಡಿನಿಂದ ಉಳಿದ ಎಂಟಕ್ಕೂ ಹರಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಡಿ. ಬಿಸಿಲಿಗೆ ಒಡ್ಡಬೇಡಿ, ಟೇಪು ಸೊಟ್ಟಗಾಗುತ್ತದೆ. ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಆರು ಮೂಲೆಯ ಪೆನ್ಸಿಲಿನಿಂದ ನಿಧಾನ ಸುತ್ತುತ್ತ, ಎಳೆ ಬಿಡದ ಒಣ ಬಟ್ಟೆಯ ನಡುವೆ ಟೇಪನ್ನು ಹಾಯಿಸಿ.

ಹೆಡ್ಡಿಗೆ ಟೇಪನ್ನು ಒತ್ತಿಹಿಡಿಯುವ ಸಣ್ಣ ಪ್ಯಾಡ್ ಬಿದ್ದುಹೋಗಿರುವುದು ಈ ವಯಸ್ಸಿನ ಕ್ಯಾಸೆಟ್ಟುಗಳ ಮಾಮೂಲಿ ಕಾಯಿಲೆ, ಅಂಟು ಒಣಗಿ ಉದುರುತ್ತದೆ. ಪ್ಯಾಡ್ ಇಲ್ಲದಿದ್ದರೆ ಸದ್ದು ಮಂಕಾಗಿ, ಬಂದು ಬಂದು ಹೋಗುತ್ತದೆ. ಐದು ಸ್ಕ್ರೂ ಇರುವ ಯಾವುದಾದರೂ ಬೇಡವಾದ ಕ್ಯಾಸೆಟ್ ಬಿಚ್ಚಿ, ನಿಮ್ಮ ಟೇಪಿನ ಎರಡೂ ಸುರುಳಿಯನ್ನು ಅದರ ಚಿಪ್ಪಿಗೆ ವರ್ಗಾಯಿಸುವುದೇ ಒಳ್ಳೆಯ ದಾರಿ. ಬಿಚ್ಚುವ ಮೊದಲು ಟೇಪು ಯಾವ ಉರುಳೆಯ ಮೇಲೆ ಹೇಗೆ ಹಾದಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ತುದಿ ಕಿತ್ತಿದ್ದರೆ ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಬೆವೆತು ಪಕ್ಕದ ಸುತ್ತಿಗೆ ಹಿಡಿಯುತ್ತದೆ. ಕ್ಯಾಸೆಟ್ಟಿಗೆಂದೇ ಬರುವ 3.81 ಮಿ.ಮೀ. ಅಗಲದ ಸ್ಪ್ಲೈಸಿಂಗ್ ಟೇಪ್ ತರಿಸಿ. ಒಂಬತ್ತರಲ್ಲಿ ಸಿ-120 (ಎರಡೂ ಬದಿ ಸೇರಿ 120 ನಿಮಿಷದ್ದು) ಇದ್ದರೆ ಅದನ್ನು ಕೊನೆಗಿಡಿ. ಸಿ-60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-120ರದ್ದು 9. ಅಷ್ಟು ತೆಳುವಾದದ್ದು ಡೆಕ್ಕಿನಲ್ಲಿ ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆಗೆ, ಅಂದರೆ ಪಿಂಚ್ ರೋಲರಿಗೆ, ಸುತ್ತಿಕೊಂಡರೆ ಬಿಡಿಸುವುದರೊಳಗೆ ಹಿಗ್ಗಿರುತ್ತದೆ.

ಡೆಕ್ ಚೆನ್ನಾಗಿರಲಿ. ಅಗ್ಗದ ಯುಎಸ್‌ಬಿ ವಾಕ್‌ಮನ್ ಬೇಡವೇ ಬೇಡ. ಅದರಲ್ಲಿ ವೇಗ ತೂಗಾಡುತ್ತದೆ. ದೊಡ್ಡಪ್ಪ ಅಮೆರಿಕದಿಂದ ತಂದ ಡೆಕ್ಕೇ ಮನೆಯಲ್ಲಿದ್ದರೆ ನೇರ ಪ್ಲಗ್ಗಿಗೆ ಚುಚ್ಚಬೇಡಿ. ಅದು 120 ವೋಲ್ಟಿನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹೊಸ ಬೆಲ್ಟ್, ಪಿಂಚ್ ರೋಲರ್ ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಹೆಡ್ ಮತ್ತು ಲೋಹದ ಕ್ಯಾಪ್‌ಸ್ಟನ್ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ರಬ್ಬರಿನ ರೋಲರಿಗೆ ಸೋಪಿನ ನೀರು ಸಾಕು. ಪ್ರತಿ ಕ್ಯಾಸೆಟ್ಟಿಗೆ ಒಮ್ಮೆ ಹೀಗೆ ಒರೆಸಬೇಕು.

ಮುಂದಿನದು ಅಜಿಮತ್, ಅಂದರೆ ಟೇಪಿಗೆ ಹೆಡ್ಡಿನ ಕೋನ. ದೊಡ್ಡಪ್ಪನ ರೆಕಾರ್ಡರಿನ ಕೋನವೇ ಬೇರೆ, ನಿಮ್ಮ ಡೆಕ್ಕಿನದೇ ಬೇರೆ. ಕೂದಲೆಳೆ ತಪ್ಪಿದರೂ ಚುರುಕು ದನಿಗಳೆಲ್ಲ ಸತ್ತುಹೋಗುತ್ತವೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಮೇಲೆ ಕೂತಿರುವ ಸ್ಕ್ರೂ ಹುಡುಕಿ, ಆಂಪ್ಲಿಫಯರನ್ನು ಮೋನೊಗೆ ಹಾಕಿ, ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತ ಇತ್ತ ತಿರುಗಿಸುತ್ತ ಸದ್ದು ಅತಿ ಚುರುಕಾಗುವ ಜಾಗದಲ್ಲಿ ನಿಲ್ಲಿಸಿ. ಈ ಕೆಲಸಕ್ಕೆ ಡಿಸ್ಕೊಗಿಂತ ಅನುಕೂಲದ ಸಂಗೀತ ಇಲ್ಲ. ಎರಡು ಪೆಟ್ಟಿನ ನಡುವೆ ಹೈ-ಹ್ಯಾಟ್ ತಾಳ 'ಟ್ಸ್, ಟ್ಸ್' ಎಂದು ತೆರೆದುಕೊಳ್ಳುತ್ತದಲ್ಲ, ಅದಕ್ಕೇ ಕಿವಿಗೊಡಿ. ಜಾಹೀರಾತಿಗೆ ಹೊಂದಿಸಲು ಹೋಗಬೇಡಿ. ಜಾಹೀರಾತು, ಜಿಂಗಲ್ ಎಲ್ಲ ನಿಲಯದಲ್ಲಿ 'ಕಾರ್ಟ್' ಎಂಬ ಡಬ್ಬಿಯಲ್ಲಿರುತ್ತಿದ್ದವು. ಕೊನೆಯೇ ಇಲ್ಲದ ಸುತ್ತು ಟೇಪು, ಬದಿಯ ಟ್ರ್ಯಾಕಿನಲ್ಲಿ 1000 ಹರ್ಟ್ಸಿನ ಗುಟ್ಟಿನ ಸಂಕೇತ. ಆ ಸಂಕೇತ ಬಂದ ಕೂಡಲೆ ಯಂತ್ರ ತಾನೇ ನಿಂತು ಮುಂದಿನ ಸಲಕ್ಕೆ ಸಿದ್ಧ. ದಿನಕ್ಕೆ ಹಲವು ಸಲ ಓಡಿ ಸವೆದ ಕಾರ್ಟ್ ಪ್ರಸಾರದಲ್ಲೇ ಮಂಕಾಗಿರುತ್ತಿತ್ತು. ಅದನ್ನು ನಿಮ್ಮ ಡೆಕ್ಕಿನ ತಪ್ಪೆಂದು ತಿಳಿಯಬೇಡಿ.

ಟೇಪಿನ 'ಹಿಸ್' ಸದ್ದು ತಗ್ಗಿಸುವ ಡಾಲ್ಬಿ ಬಿ ವಿಷಯ ಚಿಕ್ಕದು. ಡಾಲ್ಬಿ ಹಾಕಿ ತುಂಬಿಸಿದ್ದರೆ ಡಾಲ್ಬಿ ಹಾಕಿಯೇ ನುಡಿಸಿ, ಇಲ್ಲದಿದ್ದರೆ ಬೇಡ. ಗೊತ್ತಾಗದಿದ್ದರೆ ಡಾಲ್ಬಿ ಇಲ್ಲದೆ ಇಳಿಸಿ. ಆದರೆ ಅಜಿಮತ್ ಸರಿಮಾಡುವವರೆಗೆ ಈ ತೀರ್ಮಾನಕ್ಕೆ ಬರಬೇಡಿ, ಮಂಕು ಯಾವುದರಿಂದ ಬಂತೆಂದು ತಿಳಿಯದೆ ಹೋಗುತ್ತದೆ.

ಬಹಳ ಜನ ಕೈಯಾರೆ ಕೆಡಿಸುವುದು ವೇಗವನ್ನು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಅಂದಿನ ರೆಕಾರ್ಡರೂ ಇಂದಿನ ಡೆಕ್ಕೂ ತಲಾ ಒಂದಷ್ಟು ತಪ್ಪಿರುತ್ತವೆ. ಯೂಟ್ಯೂಬಿನ ಹಾಡಿನ ಪಕ್ಕ ಇಟ್ಟು ಅದರ ಶ್ರುತಿಗೆ ಹೊಂದಿಸುವುದು ಮೊದಲು ಹೊಳೆಯುವ ಉಪಾಯ. ಹಾಗೆ ಮಾಡಬೇಡಿ! ಅಮೆರಿಕದ ಕೆಲವು ನಿಲಯಗಳು ಹಾಡಿನ ಗ್ರಾಮಫೋನ್ ತಟ್ಟೆಯನ್ನು ಬೇಕೆಂದೇ ಶೇಕಡಾ ಎರಡು-ಮೂರು ಜೋರಾಗಿ ತಿರುಗಿಸುತ್ತಿದ್ದವು. ನಿಮಿಷಕ್ಕೆ 120 ಪೆಟ್ಟಿನ ಹಾಡು 122.4 ಆದರೆ ಕೇಳುಗನಿಗೆ ಕಾರಣ ತಿಳಿಯುವುದಿಲ್ಲ, ಪಕ್ಕದ ನಿಲಯ ಯಾಕೋ ಸಪ್ಪೆ ಅನ್ನಿಸುತ್ತದೆ. ಎರಡು ಹಾಡನ್ನು ತಾಳ ತಪ್ಪದೆ ಬೆಸೆಯಲು ಡಿಜೆ ವೇಗ ಬದಲಿಸಿದ್ದೂ ಇರುತ್ತದೆ. ನೀವು ಹಾಡಿನ ಶ್ರುತಿಗೆ ಹೊಂದಿಸಿದರೆ ಆ ಕೈಚಳಕವನ್ನೇ ಅಳಿಸಿದಂತೆ.

ಹಾಗಾದರೆ ಯಾವುದಕ್ಕೆ ಹೊಂದಿಸುವುದು? ಕರೆಂಟಿನ ಗುಂಯ್‌ಗುಟ್ಟುವಿಕೆಗೆ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ದೊಡ್ಡಪ್ಪನ ಉಪಕರಣ ಗೋಡೆಯ ಪ್ಲಗ್ಗಿನಲ್ಲಿದ್ದರೆ ಅಂದಿನ ಕ್ವೀನ್ಸ್ ಮನೆಯ 60 ಹರ್ಟ್ಸ್ ಟೇಪಿನ ತಳದಲ್ಲಿ ಸಣ್ಣಗೆ ಅಚ್ಚಾಗಿರುತ್ತದೆ, ಅದರ ಜೊತೆಗೆ 120, 180 ಕೂಡ. ನಿಮ್ಮ ಮನೆಯ ಡೆಕ್ ಸೇರಿಸುವುದು 50, 100, 150. ಎರಡೂ ಬೆರೆಯದೆ ಬೇರೆಬೇರೆಯಾಗಿ ಕಾಣುವುದು ಭಾರತದಲ್ಲಿ ಕೂತು ಅಮೆರಿಕದ ಟೇಪು ಇಳಿಸುವವರಿಗೆ ಸಿಗುವ ಭಾಗ್ಯ. ಆಡಾಸಿಟಿ ತಂತ್ರಾಂಶದಲ್ಲಿ ಸಂಗೀತವಿಲ್ಲದ ಎರಡು ಸೆಕೆಂಡು ಆರಿಸಿ. ರೆಕಾರ್ಡಿಂಗ್ ಶುರುವಾದ ಕ್ಷಣ ಅಥವಾ ಮುಗಿಯುವ ಕ್ಷಣ ಸಾಮಾನ್ಯವಾಗಿ ಸಿಗುತ್ತದೆ. 'ಪ್ಲಾಟ್ ಸ್ಪೆಕ್ಟ್ರಮ್' ತೆರೆದು ಗಾತ್ರ 65536 ಇಡಿ. 48 ಕಿಲೊಹರ್ಟ್ಸಿನ ಫೈಲಿನಲ್ಲಿ ಆಗ ಒಂದೊಂದು ಮೆಟ್ಟಿಲು 0.73 ಹರ್ಟ್ಸ್. 60ರ ಹತ್ತಿರ ಅಷ್ಟು ತಪ್ಪಿದರೆ ಶೇಕಡಾ ಒಂದಕ್ಕಿಂತ ಹೆಚ್ಚಾಯಿತು, 180ರಲ್ಲಿ ಅರ್ಧಕ್ಕಿಂತ ಕಡಿಮೆ. ಅದಕ್ಕೇ 180ರ ಶಿಖರವನ್ನೇ ಓದಿ. ಅದು 183.6ರಲ್ಲಿ ನಿಂತಿದ್ದರೆ ಟೇಪು ಶೇಕಡಾ 2 ಜೋರಾಗಿ ಓಡುತ್ತಿದೆ. 180ನ್ನು 183.6ರಿಂದ ಭಾಗಿಸಿದರೆ 0.980, ವೇಗ ಬದಲಿಸುವ ಆಯ್ಕೆಯಲ್ಲಿ ಅದನ್ನೇ ಕೊಡಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇರೆ ಇದೆ, ಅದನ್ನು ಮುಟ್ಟಬೇಡಿ. ಒಂದು ಬದಿಯ ಮೊದಲು, ನಡುವೆ, ಕೊನೆ, ಮೂರು ಕಡೆ ಅಳೆಯಿರಿ. ಸುರುಳಿಯ ಭಾರ ಬದಲಾದಂತೆ ವೇಗವೂ ಜರುಗುತ್ತದೆ.

ರೆಕಾರ್ಡರ್ ಬ್ಯಾಟರಿಯಲ್ಲಿ ಓಡಿದ್ದರೆ ಈ ಗುರುತು ಇರದೆ ಹೋಗಬಹುದು. ಆಗ 15,734 ಹರ್ಟ್ಸ್ ಬಳಿ ತೆಳು ಗೆರೆ ಹುಡುಕಿ. ಅದು ಕೋಣೆಯಲ್ಲಿದ್ದ ಅಮೆರಿಕನ್ ಟಿವಿ ಬಿಟ್ಟ ಗುರುತು. ನಮ್ಮ ಹಳೆಯ ಟಿವಿಗಳದ್ದು 15,625, ಹಾಗಾಗಿ ಇಲ್ಲೂ ಗೊಂದಲವಿಲ್ಲ.

ಇಳಿಸುವಾಗ ಡೆಕ್ಕಿನ ಲೈನ್-ಔಟ್‌ನಿಂದ ಆಡಿಯೊ ಇಂಟರ್‌ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ) ಕೊಡಿ. ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಬೇಡ, ಅದು ಹೆಚ್ಚಾಗಿ ಮೋನೊ, ಒಡೆದೂ ಹೋಗುತ್ತದೆ. 24 ಬಿಟ್, 48 ಕಿಲೊಹರ್ಟ್ಸ್, ವೇವ್ ಫೈಲು. ಅತಿ ಜೋರಿನ ಸದ್ದು -6 ಡೆಸಿಬೆಲ್ ದಾಟದಿರಲಿ. ನಿಮಿಷಕ್ಕೆ 17.28 ಎಂಬಿ ಲೆಕ್ಕದಲ್ಲಿ ಸಿ-60 ಒಂದು ಜಿಬಿಗೆ ಸ್ವಲ್ಪ ಮೇಲೆ, ಸಿ-90 ಒಂದೂವರೆ ಜಿಬಿ.

ಆಮೇಲೆ 'ನಾಯ್ಸ್ ರಿಡಕ್ಷನ್' ಒತ್ತಲು ಕೈ ತುರಿಸುತ್ತದೆ. ತಡೆಯಿರಿ. ಕೆಲವು ಸದ್ದುಗಳು ಕೊಳೆಯಲ್ಲ, ಸಾಕ್ಷಿ. ಹಾಡಿನ ಮೊದಲ ಸೆಕೆಂಡಿನಲ್ಲಿ 'ಶ್ಶ್' ಎಂದು ಕೇಳಿದರೆ ಅದು ಡಿಜೆ ಮುಳ್ಳನ್ನು ಹಾಡಿನ ಮೊದಲಿಗೆ ಹಿಂದೆ ಮುಂದೆ ತಂದು ನಿಲ್ಲಿಸಿ ನಿಲ್ಲಿಸಿ ತಟ್ಟೆ ಸವೆದ ಜಾಗ. ಹೊಸ ಹಾಡಿನಲ್ಲಿ ಅದಿರುವುದಿಲ್ಲ, ಜನ ಕೇಳಿ ಕೇಳಿ ಹಾಕಿಸಿಕೊಂಡದ್ದರಲ್ಲಿ ಜೋರಾಗಿರುತ್ತದೆ. ಡಿಜೆ ಮಾತು ನಿಲ್ಲಿಸಿದ ಕೂಡಲೆ ಹಿಂದಿನ ಸಂಗೀತ ಉಬ್ಬಿ ಮೇಲೆ ಬರುವುದು ನಿಲಯದ ಕಂಪ್ರೆಸರಿನ, ಅಂದರೆ ಜೋರು-ಮೆಲು ಸದ್ದಿನ ಅಂತರ ತಗ್ಗಿಸುವ ಯಂತ್ರದ, ಕೆಲಸ. 1975ರಲ್ಲಿ ಬಂದ ಆರ್ಬಾನಿನ ಆಪ್ಟಿಮಾಡ್ 8000ರಂಥ ಯಂತ್ರಗಳು ಎಫ್‌ಎಂಗೆ ಆ ದಪ್ಪ ಮೈಕಟ್ಟು ಕೊಟ್ಟವು. 'ಸ' ಅಕ್ಷರ ಮಾತ್ರ ಸಿಡಿದಂತೆ ಕೇಳಿದರೆ ಎತ್ತರದ ಕಟ್ಟಡಗಳಿಗೆ ಬಡಿದು ಎರಡು ದಾರಿಯಲ್ಲಿ ಬಂದ ಅಲೆಗಳ ಜಗಳ ಇರಬಹುದು. ಹಾಗಿದ್ದರೆ ಅಜಿಮತ್ ತಿರುಗಿಸಿ ಫಲವಿಲ್ಲ.

ಇನ್ನು ದಿನಾಂಕ. ಅಮೆರಿಕದ ಕಾನೂನಿನಂತೆ ಪ್ರತಿ ಗಂಟೆಯ ಆಸುಪಾಸಿನಲ್ಲಿ ನಿಲಯ ತನ್ನ ಅಕ್ಷರಗಳನ್ನೂ ಊರಿನ ಹೆಸರನ್ನೂ ಹೇಳಲೇಬೇಕು. 'ಡಬ್ಲ್ಯುಕೆಟಿಯು, ನ್ಯೂಯಾರ್ಕ್' ಎಂದು ಕೇಳಿದ ಜಾಗ ಗಂಟೆಯ ಗೂಟ, ಅಲ್ಲಿಂದ ಹಿಂದೆ ಮುಂದೆ ಎಣಿಸಿ. ಹವಾಮಾನ, ಆಟದ ಫಲಿತಾಂಶ, ಅಂಗಡಿಗಳ ಮಾರಾಟದ ಕೊನೆಯ ದಿನ, ಇವು ತಾರೀಖನ್ನೇ ಕೊಡುತ್ತವೆ. 'ಡಿಸ್ಕೊ 92' ಎಂದರೆ 1978ರ ಜುಲೈ 24ಕ್ಕಿಂತ ಹಿಂದಿನದಲ್ಲ. ಯಾವುದಾದರೂ ಕ್ಯಾಸೆಟ್ಟಿನಲ್ಲಿ 770ರ ಡಬ್ಲ್ಯುಎಬಿಸಿ ಹಾಡು ಹಾಕುತ್ತಿದ್ದರೆ ಅದು 1982ರ ಮೇ 10ರ ಒಳಗಿನದು, ಆ ದಿನ ಅಲ್ಲಿ ಸಂಗೀತ ನಿಂತು ಮಾತಿನ ನಿಲಯವಾಯಿತು. 1979ರ ಜುಲೈ 12ರ ನಂತರದ ವಾರದ ಟೇಪೇನಾದರೂ ಇದ್ದರೆ ಸುದ್ದಿ ಭಾಗವನ್ನು ಬಿಡದೆ ಕೇಳಿ. ಆ ರಾತ್ರಿ ಷಿಕಾಗೊದ ಕಮಿಸ್ಕಿ ಪಾರ್ಕಿನಲ್ಲಿ, ಡಿಸ್ಕೊ ಬಂದು ತನ್ನ ಹಳೆಯ ನಿಲಯದ ಕೆಲಸ ಹೋಗಿದ್ದ ರಾಕ್ ಡಿಜೆ ಸ್ಟೀವ್ ಡಾಲ್, ಜನ ತಂದ ಡಿಸ್ಕೊ ತಟ್ಟೆಗಳನ್ನು ಬೇಸ್‌ಬಾಲ್ ಮೈದಾನದ ನಡುವೆ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ.

ಮೂಲ ಫೈಲನ್ನು ಕತ್ತರಿಸದೆ ಎರಡು ಡಿಸ್ಕಿನಲ್ಲಿಡಿ. ಹಂಚಲು ಬೇರೆ ಪ್ರತಿ ಮಾಡಿಕೊಳ್ಳಿ: ಪ್ರತಿ ಹಾಡಿನ ಮೊದಲ ಐದಾರು ಸೆಕೆಂಡು, ಕೊನೆಯ ಐದಾರು ಸೆಕೆಂಡು ಬಿಟ್ಟು ನಡುವಿನದನ್ನು ತೆಗೆದುಹಾಕಿ. ಏರ್‌ಚೆಕ್ ಕೂಡಿಡುವವರು ಇದನ್ನು 'ಸ್ಕೋಪ್ಡ್' ಪ್ರತಿ ಎನ್ನುತ್ತಾರೆ. ಹಾಡಿನ ಹಕ್ಕಿನ ತಕರಾರು ಕಡಿಮೆ, 45 ನಿಮಿಷದ ಬದಿ ಎಂಟು-ಹತ್ತು ನಿಮಿಷಕ್ಕೆ ಇಳಿಯುತ್ತದೆ, ಉಳಿಯುವುದೆಲ್ಲ ಡಿಜೆಯ ಮಾತು. ದೊಡ್ಡಪ್ಪ ಇದ್ದರೆ ಮೊದಲು ಅವರಿಗೇ ಕೇಳಿಸಿ, ಅವರು ಗುರುತಿಸಿದ ದನಿ, ಅಂಗಡಿ, ಬೀದಿಯ ಹೆಸರನ್ನು ಫೈಲಿನ ಜೊತೆಗೇ ಬರೆದಿಡಿ.