ಹಿಂಬರಹ ಎಂಬ ಪದ ಗೊತ್ತಿದ್ದರೆ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ಎಂಟನೆಯ ತರಗತಿಯ ನನ್ನ ಮಗಳು ಶಾಸಕಾಂಗ, ವಿಧೇಯಕ, ಅಂಕಿತ, ಸುಗ್ರೀವಾಜ್ಞೆ ಎಂದು ಮಂತ್ರದಂತೆ ಉರು ಹೊಡೆಯುತ್ತಾಳೆ. ಟಿ.ವಿ.ಯಲ್ಲಿ ಎಲ್ಲರೂ ಬಿಲ್, ಆರ್ಡಿನೆನ್ಸ್ ಎನ್ನುವಾಗ ಪಠ್ಯಪುಸ್ತಕಕ್ಕೆ ಮಾತ್ರ ಈ ಹಟವೇಕೆ? ಪರೀಕ್ಷೆ ಮುಗಿದ ಮೇಲೆ ಈ ಪದಗಳು ಯಾರಿಗೆ ಬೇಕು?"

ತಾಯಿ, ನಿಮ್ಮ ದೂರಿನಲ್ಲಿ ನಿಜವಿದೆ. ಪಠ್ಯ ಬರೆಯುವವರು ಒಂದೇ ಸಾಲಿನಲ್ಲಿ ನಾಲ್ಕು ಸಂಸ್ಕೃತ ಪದ ಪೋಣಿಸಿ, ಅರ್ಥ ಬಿಡಿಸದೆ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಅಷ್ಟನ್ನು ಒಪ್ಪಿದೆ. ಆದರೆ ಯಾರಿಗೆ ಬೇಕು ಎಂದಿರಲ್ಲ, ಅದನ್ನು ಓದಿ ನೊಂದುಕೊಂಡೆ.

ಕೆಲವು ವರ್ಷಗಳ ಹಿಂದೆ ಖಾತೆ ಬದಲಾವಣೆಗೆಂದು ಕಂದಾಯ ಕಚೇರಿಯೊಂದರ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ವೃದ್ಧರು. ಕೈಯಲ್ಲಿ ತರಕಾರಿ ಚೀಲ, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕ್ರಯಪತ್ರ. ಅದು ಅವರ ನಾಲ್ಕನೆಯ ಸುತ್ತು. ಗುಮಾಸ್ತರು ತಲೆ ಎತ್ತದೆ, "ಇದು ಆಗುವುದಿಲ್ಲ" ಎಂದರು. ವೃದ್ಧರು ಚೀಲ ಮಡಿಸತೊಡಗಿದರು. ಅಷ್ಟರಲ್ಲಿ ನನ್ನ ಹಿಂದಿದ್ದ ಹೆಂಗಸು, ಸೆರಗನ್ನು ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದವರು, "ಆಗುವುದಿಲ್ಲ ಎಂದರೆ ಹಿಂಬರಹ ಕೇಳಿ ತಾತ" ಎಂದರು. ಗುಮಾಸ್ತರ ಪೆನ್ನು ನಿಂತಿತು. ಅರ್ಜಿ ಏಕೆ ಆಗುವುದಿಲ್ಲ ಎಂದು ಕಾರಣ ಬರೆದು ಸಹಿ ಹಾಕಿ ಕೊಡುವ ಕಾಗದಕ್ಕೆ ಹಿಂಬರಹ ಎನ್ನುತ್ತಾರೆ. ಅದು ಕೈಯಲ್ಲಿದ್ದರೆ ಮೇಲ್ಮನವಿಗೆ ಹೋಗಬಹುದು, ಬಾಯಿಮಾತನ್ನು ಹಿಡಿದುಕೊಂಡು ಎಲ್ಲಿಗೂ ಹೋಗಲಾಗದು. ತಾತನ ಕಾಗದಗಳು ಆಗಲೇ ಮೇಜಿನ ಮೇಲೆ ಬಿಚ್ಚಿಕೊಂಡವು. ಆ ಹೆಂಗಸು ಎಷ್ಟು ಓದಿದ್ದರೋ ಕಾಣೆ, ಆ ಒಂದು ಪದ ಅವರಿಗೆ ಗೊತ್ತಿತ್ತು.

ಮಗಳು ಉರು ಹೊಡೆಯುವ ಪದಗಳನ್ನೇ ನೋಡಿ. ಸುಗ್ರೀವಾಜ್ಞೆ! ಸೀತೆಯನ್ನು ಹುಡುಕಲು ವಾನರರನ್ನು ಅಟ್ಟಿದ ಸುಗ್ರೀವ ಒಂದು ತಿಂಗಳ ಗಡುವು ಕೊಟ್ಟ, ತಪ್ಪಿದವರಿಗೆ ತಲೆದಂಡ. ಸದನ ಸೇರಿಲ್ಲದ ಹೊತ್ತಿನಲ್ಲಿ ಅವಸರ ಬಿದ್ದಾಗ ರಾಜ್ಯಪಾಲರು ಸಂವಿಧಾನದ 213ನೆಯ ವಿಧಿಯಂತೆ ಹೊರಡಿಸುವ ಆಜ್ಞೆಗೂ ಗಡುವಿದೆ. ಸದನ ಮತ್ತೆ ಸೇರಿದ ಆರು ವಾರದೊಳಗೆ ಅದು ಒಪ್ಪದಿದ್ದರೆ ಆಜ್ಞೆ ಬಿದ್ದುಹೋಗುತ್ತದೆ. ಅವಸರ, ಗಡುವು ಎರಡನ್ನೂ ಒಂದೇ ಪದದೊಳಗೆ ಇಟ್ಟವರಿಗೆ ನಾನು ಕೈಮುಗಿಯುತ್ತೇನೆ. ಬಿಲ್ ಎಂದರೆ ಮಗುವಿಗೆ ಕರೆಂಟ್ ಬಿಲ್ ನೆನಪಾದೀತು. ವಿಧೇಯಕಕ್ಕೆ ಪತ್ರಿಕೆಗಳು ಬರೆಯುವ ಮಸೂದೆ ಎಂಬ ಪದ ಅರಬ್ಬಿ, ಪಾರಸಿಯ ದಾರಿಯಲ್ಲಿ ಬಂದು ನಮ್ಮದಾದದ್ದು, ಅದರ ಅರ್ಥ ಕರಡು. ಕರಡನ್ನು ತಿದ್ದಬಹುದು, ವಿರೋಧಿಸಬಹುದು. ಅಂಕಿತವಂತೂ ವಚನಕಾರರು, ದಾಸರು ತಮ್ಮ ರಚನೆಯ ಕೊನೆಯಲ್ಲಿ ಇಡುತ್ತಿದ್ದ ಮುದ್ರೆ. ಅದು ಬಿದ್ದರೆ ರಚನೆ ಪೂರ್ತಿಯಾಯಿತು, ರಾಜ್ಯಪಾಲರದು ಬಿದ್ದರೆ ಮಸೂದೆ ಕಾಯ್ದೆಯಾಯಿತು. ಯುಗಾದಿಯ ದಿನ ಪಂಚಾಂಗದಲ್ಲಿ ತಮ್ಮ ರಾಶಿಯ ಆಯ ಎಷ್ಟು, ವ್ಯಯ ಎಷ್ಟು ಎಂದು ಕೇಳುವ ಅಜ್ಜಿಗೆ ಆಯವ್ಯಯ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಬಜೆಟ್ ಎಂದಾಗಲೇ ಅದು ಮೊಮ್ಮಕ್ಕಳ ವಿಷಯವಾಗಿಬಿಡುತ್ತದೆ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ರೈತರೂ ವರ್ತಕರೂ ಮೈಸೂರಿನಲ್ಲಿ ಸೇರಿದ ಸಭೆಯನ್ನು ನಮ್ಮ ಹಿರಿಯರು ಪ್ರಜಾಪ್ರತಿನಿಧಿ ಸಭೆ ಎಂದರು. ಯಾರ ಸಭೆ, ಯಾಕೆ ಸೇರಿದೆ ಎಂಬುದು ಹೆಸರಿನಲ್ಲೇ ಇತ್ತು. ಈಗ ನೋಡಿ, 2007ರಿಂದ ಬೃಹತ್ ಬೆಂಗಳೂರು ಎಂದು ಬರೆಯುತ್ತಿದ್ದವರು 2025ರಲ್ಲಿ ಊರನ್ನು ಐದು ಪಾಲಿಕೆ ಮಾಡಿ, ಅವುಗಳ ಮೇಲೆ ಕೂರಿಸಿದ ಪ್ರಾಧಿಕಾರಕ್ಕೆ ಗ್ರೇಟರ್ ಬೆಂಗಳೂರು ಎಂದು ಹೆಸರಿಟ್ಟರು. ಬೃಹತ್ ಎಂಬ ಪದ ಏನು ತಪ್ಪು ಮಾಡಿತ್ತು?

ಹೆಸರು ಹೋಗಲಿ. ಪಾಲಿಕೆಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2015ರಲ್ಲಿ ಗೆದ್ದ ನಮ್ಮ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆದಿರಲಿಲ್ಲ, ಆಡಳಿತಾಧಿಕಾರಿಯದೇ ಆಡಳಿತವಾಗಿತ್ತು. ನಿಮ್ಮ ಮಗಳು ಸ್ಥಳೀಯ ಸ್ವಯಂ ಸರ್ಕಾರ ಎಂದು ಪುಸ್ತಕದಲ್ಲಿ ಓದಿದ ವಯಸ್ಸಿನಲ್ಲಿ ಅವಳ ಬೀದಿಯ ಕಸಕ್ಕೆ, ಮೋರಿಗೆ ಉತ್ತರ ಹೇಳುವ ಚುನಾಯಿತರು ಒಬ್ಬರೂ ಇರಲಿಲ್ಲ. ಪದ ಅವಳ ನಾಲಿಗೆಗೆ ಹತ್ತದಿದ್ದರೆ ತಪ್ಪು ಪದದ್ದಲ್ಲ, ತಾಯಿ. ಕಣ್ಣಿಗೆ ಕಾಣದ್ದನ್ನು ಮಗು ಉರು ಹೊಡೆಯದೆ ಇನ್ನೇನು ಮಾಡೀತು?

ಪುಸ್ತಕದ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅಧಿವೇಶನ ನಡೆಯುವಾಗ ಒಂದು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪತ್ರಿಕೆಯ ಸದನದ ವರದಿ ಓದಿಸಿ. ಚುಕ್ಕೆ ಗುರುತಿನ ಪ್ರಶ್ನೆ ಎಂದರೇನು ಎಂದು ಕೇಳುತ್ತಾಳೆ. ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಬಿಟ್ಟು ಉತ್ತರಿಸಲೇಬೇಕಾದ ಪ್ರಶ್ನೆ ಎಂದು ಹೇಳಿ. ಅವಳಿಗೆ ತಿಳಿಯದ ಪದಗಳನ್ನು ಅವಳದೇ ಅಕ್ಷರದಲ್ಲಿ ಬರೆಸಿ ನಮಗೆ ಕಳುಹಿಸಿ. ಮುಂದಿನ ಸಂಚಿಕೆಯಿಂದ ಒಂದೊಂದನ್ನೇ ಬಿಡಿಸಿ ಬರೆಯುತ್ತೇನೆ.

— ಸಂಪಾದಕ