ಓದುಗರ ಪ್ರಶ್ನೆ: ಪುಟ್ಟ ಮಕ್ಕಳಿಗೆ ತಾಳ, ಶ್ರುತಿ, ಹಾಡು

ಈ ಬಾರಿಯ ಪತ್ರಗಳಲ್ಲಿ ಹೆಚ್ಚಿನವು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಒಂದರಿಂದ ಮೂರನೇ ತರಗತಿಯ ಶಿಕ್ಷಕರು ಬರೆದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ನಲಿ–ಕಲಿ ತರಗತಿ. ಹಾಡಿಗೆ ಚಪ್ಪಾಳೆ ಹಾಕಿಸಿದರೆ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲರೂ ಓಡತೊಡಗುತ್ತಾರೆ. ನಿಧಾನವಾಗಿ ಶುರು ಮಾಡಿಸಿದರೆ ಇನ್ನೂ ಬೇಗ ಕೆಡುತ್ತದೆ. ಏನು ಮಾಡಲಿ? – ಶಿಕ್ಷಕಿ, ಹಿರಿಯೂರು

ಉತ್ತರ: ಕೆಡುವುದಕ್ಕೆ ಆ ನಿಧಾನವೇ ಅರ್ಧ ಕಾರಣ. ಐದಾರು ವರ್ಷದ ಮಗುವಿನ ಮೈಯ ಸಹಜ ನಡೆ ದೊಡ್ಡವರದ್ದಕ್ಕಿಂತ ಚುರುಕು. ನಿಮಿಷಕ್ಕೆ 60 ಪೆಟ್ಟು ನಮಗೆ ಆರಾಮ ಎನಿಸುತ್ತದೆ. ಮಗುವಿಗೆ ಎರಡು ಪೆಟ್ಟುಗಳ ನಡುವೆ ಅಷ್ಟು ಹೊತ್ತು ಕಾಯುವುದು ಕಷ್ಟ, ಹಾಗಾಗಿ ಮುಂದಿನ ಪೆಟ್ಟಿಗೆ ಹಾರಿಬಿಡುತ್ತದೆ. ನಿಮಿಷಕ್ಕೆ 100ರಿಂದ 120ರ ನಡುವೆ ಶುರು ಮಾಡಿ. ಗೋಡೆ ಗಡಿಯಾರದ ಒಂದು ಸೆಕೆಂಡಿಗೆ ಎರಡು ಪೆಟ್ಟು ಬಿದ್ದರೆ ಅದು 120. ನಿಧಾನದ ಹಾಡುಗಳು ಮೂರನೇ ತರಗತಿಗೆ ಇರಲಿ.

ಇನ್ನರ್ಧ ಕಾರಣ ಸದ್ದು. ಎಲ್ಲರೂ ಜೋರಾಗಿ ತಟ್ಟುವಾಗ ಯಾರಿಗೂ ಹಾಡು ಕೇಳಿಸುವುದಿಲ್ಲ, ಪಕ್ಕದವನ ಚಪ್ಪಾಳೆಯಷ್ಟೇ ಕೇಳಿಸುತ್ತದೆ. ಅವನು ಕೂದಲೆಳೆಯಷ್ಟು ಮುಂದೆ ಹೋದರೆ ಇವನೂ ಹೋಗುತ್ತಾನೆ. ಎರಡು ಬೆರಳಿಂದ ಅಂಗೈ ತಟ್ಟಿಸಿ. ಪ್ರತಿ ಪೆಟ್ಟಿನ ನಂತರ ಒಂದು ಹುಸಿ ಇಡಿಸಿ, ಅಂದರೆ ಕೈಯನ್ನು ಅಂಗಾತ ಮಾಡಿ ಗಾಳಿಗೆ ಬಿಡುವುದು. ಖಾಲಿ ಜಾಗದಲ್ಲಿ ಕೈಗೊಂದು ಕೆಲಸವಿದ್ದರೆ ಅವಸರ ತಾನಾಗಿ ತಗ್ಗುತ್ತದೆ. ನಡುವೆ ಓಟ ಶುರುವಾದರೆ ಹಾಡು ನಿಲ್ಲಿಸಿ ಗದರಬೇಡಿ. ನಿಮ್ಮ ದನಿಯನ್ನು ಪಿಸುಮಾತಿಗೆ ಇಳಿಸಿ. ನಿಮ್ಮ ಮಾತು ಕೇಳಲೆಂದು ಅವರೂ ತಗ್ಗುತ್ತಾರೆ, ಎರಡು ಸಾಲಿನೊಳಗೆ ನಡೆ ಹಿಡಿತಕ್ಕೆ ಬರುತ್ತದೆ.

ಪ್ರಶ್ನೆ: ನಾನು ಸಂಗೀತ ಕಲಿತವಳಲ್ಲ. ಹಾಡು ಹೇಳಿಕೊಡುತ್ತೇನೆ, ತಾಳ ಎಂದರೆ ಮಾತ್ರ ಅಂಜಿಕೆ. ಎಲ್ಲಿಂದ ಹಿಡಿಯಬೇಕು? – ಪ್ರಾಥಮಿಕ ಶಾಲಾ ಶಿಕ್ಷಕಿ, ಶಿರಸಿ

ಉತ್ತರ: ತರಕಾರಿ ಬುಟ್ಟಿಯಿಂದ. ಹೈಸ್ಕೂಲಿನಲ್ಲಿ ಛಂದಸ್ಸಿನ ಪ್ರಸ್ತಾರ ಹಾಕಿದ್ದನ್ನು ನೆನಪು ಮಾಡಿಕೊಳ್ಳಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಅನುಸ್ವಾರ ಇರುವ ಅಕ್ಷರಕ್ಕೂ ಎರಡು. ಲಯ ಕಲಿಸಲು ನಿಮಗೆ ಬೇಕಾದ ಲೆಕ್ಕ ಇಷ್ಟೇ, ಅದು ನಿಮಗೆ ಆಗಲೇ ಗೊತ್ತಿದೆ.

ಬದನೆ ಮೂರು ಮಾತ್ರೆ, ಮೃದಂಗದವರ ಸೊಲ್ಲಿನಲ್ಲಿ ‘ತಕಿಟ’. ಪಡವಲ ನಾಲ್ಕು, ‘ತಕಧಿಮಿ’. ಈರುಳ್ಳಿ ಐದು: ‘ಈ’ಗೆ ಎರಡು, ‘ರು’ವಿಗೆ ಎರಡು, ‘ಳ್ಳಿ’ಗೆ ಒಂದು. ಅದು ‘ತಕ ತಕಿಟ’. ಆಲೂಗಡ್ಡೆ ಏಳು, ‘ತಕಧಿಮಿ ತಕಿಟ’. ಸಂಗೀತಶಾಸ್ತ್ರ ಇವನ್ನು ತಿಶ್ರ, ಚತುರಶ್ರ, ಖಂಡ, ಮಿಶ್ರ ಎನ್ನುತ್ತದೆ. ಮಕ್ಕಳಿಗೆ ಆ ಹೆಸರು ಈಗ ಬೇಡ.

ಮೊದಲ ದಿನ ಬದನೆ ಒಂದೇ ಸಾಕು. ಮಕ್ಕಳು ಎದ್ದು ನಿಂತು ಬಿಡುವಿಲ್ಲದೆ ಎಂಟು ಸಲ ‘ಬದನೆ’ ಎನ್ನಲಿ. ಆಮೇಲೆ ‘ಬ’ ಬಂದಾಗ ಮಾತ್ರ ಚಪ್ಪಾಳೆ. ಅದು ಕೂಡಿದ ಮೇಲೆ ‘ಬ’ಕ್ಕೆ ಒಂದು ಹೆಜ್ಜೆಯಂತೆ ವೃತ್ತದಲ್ಲಿ ನಡೆಸಿ. ಕೊನೆಗೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹೇಳಿಕೊಂಡು ಹೆಜ್ಜೆ ಹಾಕಲಿ. ಬಾಯಿ, ಕೈ, ಕಾಲು, ಮೌನ ಎಂಬ ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ಬಾಯಲ್ಲಿ ಬಾರದ ಲಯ ಕೈಗೆ ಬರುವುದಿಲ್ಲ. ಪಡವಲಕ್ಕೂ ಇದೇ ದಾರಿ. ಈರುಳ್ಳಿಗೆ ಮೊದಲ ಎರಡು ಗಟ್ಟಿಯಾಗುವ ತನಕ ಕೈ ಹಾಕಬೇಡಿ.

ಎಡವುವುದು ಈರುಳ್ಳಿಯಲ್ಲೇ. ಬರೆದರೆ ಮೂರು ಅಕ್ಷರ, ಹಾಗಾಗಿ ಅಕ್ಷರ ಕಲಿಯುತ್ತಿರುವ ಮಕ್ಕಳು ಮೂರು ಸಮನಾದ ಪೆಟ್ಟು ಹಾಕಿಬಿಡುತ್ತಾರೆ, ಅದು ಬದನೆಯೇ ಆಗಿಬಿಡುತ್ತದೆ. ಪದವನ್ನು ಬೋರ್ಡಿನ ಮೇಲೆ ಬರೆಯಬೇಡಿ. ‘ಈ’ ಎನ್ನುವಾಗ ಕೈಯನ್ನು ಎದೆಯಿಂದ ಆಚೆಗೆ ಎಳೆಯಿರಿ, ‘ರುಳ್’ ಎನ್ನುವಾಗ ಮುಷ್ಟಿ ಕಟ್ಟಿ ತಡೆಯಿರಿ, ‘ಳಿ’ಗೆ ಒಂದು ಚಿಟಿಕೆ ಹೊಡೆಯಿರಿ. ಉದ್ದ, ತಡೆ, ಗಿಡ್ಡ ಎಂಬ ವ್ಯತ್ಯಾಸ ಮೈಗೆ ಇಳಿಯುತ್ತದೆ.

ಮೂರನೇ ತರಗತಿಯ ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪು ‘ಪಡವಲ ಪಡವಲ’ ಎನ್ನಲಿ, ಇನ್ನೊಂದು ‘ಬದನೆ ಈರುಳ್ಳಿ’ ಎನ್ನಲಿ. ನಾಲ್ಕು ನಾಲ್ಕು ಎಂಟು, ಮೂರು ಐದು ಎಂಟು. ಎರಡೂ ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಯುತ್ತವೆ. ಕಛೇರಿಯ ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗದಲ್ಲಿ, ನಡೆಯುವ ಲೆಕ್ಕವೂ ಇದೇ ಜಾತಿಯದು.

ಪದ ನಿಮ್ಮ ಊರಿನದಾಗಿರಲಿ, ಮಕ್ಕಳ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಎಣಿಸಿ. ಧಾರವಾಡದ ಕಡೆ ಈರುಳ್ಳಿ ಉಳ್ಳಾಗಡ್ಡಿ, ಅದಕ್ಕೆ ಏಳು ಮಾತ್ರೆ. ಅಲ್ಲಿ ಐದಕ್ಕೆ ಬಳ್ಳೊಳ್ಳಿ ಇದೆ.

ಪ್ರಶ್ನೆ: ಯುಕೆಜಿ ಮಕ್ಕಳಿಗೆ ಆದಿತಾಳ ಹಾಕಿಸುತ್ತಿದ್ದೇವೆ. ಕಿರುಬೆರಳು, ಉಂಗುರ ಬೆರಳು ಎಣಿಸುವಾಗ ಹಾಡೇ ಮರೆಯುತ್ತಾರೆ. – ಪೋಷಕರು, ಬೆಂಗಳೂರು

ಉತ್ತರ: ಆ ವಯಸ್ಸಿನಲ್ಲಿ ಉಂಗುರ ಬೆರಳನ್ನು ಬೇರೆಯಾಗಿ ಆಡಿಸುವುದೇ ದೊಡ್ಡ ಕೆಲಸ, ಪಕ್ಕದ ಬೆರಳುಗಳೂ ಜೊತೆಗೆ ಏಳುತ್ತವೆ. ಗಮನವೆಲ್ಲ ಅಲ್ಲೇ ಮುಗಿದರೆ ಹಾಡಿಗೆ ಏನು ಉಳಿಯುತ್ತದೆ? ತಾಳದ ಅಳತೆ ಇರಲಿ, ಬೆರಳು ಬಿಡಿ. ಒಂದು ಚಪ್ಪಾಳೆ, ಮೂರು ಸಲ ತೊಡೆ ತಟ್ಟುವುದು, ಆಮೇಲೆ ಚಪ್ಪಾಳೆ, ಹುಸಿ, ಚಪ್ಪಾಳೆ, ಹುಸಿ. ಎಂಟು ಅಕ್ಷರ ಸರಿಯಾಗುತ್ತದೆ. ಏಳೆಂಟು ವರ್ಷಕ್ಕೆ ಬೆರಳೆಣಿಕೆ ಸೇರಿಸಿದರೆ ಸುಲಭವಾಗಿ ಕೂರುತ್ತದೆ.

ಪ್ರಶ್ನೆ: ನಾನು ಹೇಳಿಕೊಟ್ಟ ಹಾಡನ್ನು ಗಂಡುಮಕ್ಕಳಲ್ಲಿ ಹಲವರು ಗೊರಗೊರ ದನಿಯಲ್ಲಿ ಹೇಳುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಯ ಕೊನೆಗೆ ಕಿರುಚಾಟವಾಗುತ್ತದೆ. – ಮುಖ್ಯ ಶಿಕ್ಷಕರು, ತಿಪಟೂರು

ಉತ್ತರ: ಎರಡಕ್ಕೂ ಶ್ರುತಿಯೇ ಕಾರಣ. ಹಾರ್ಮೋನಿಯಂನ ನಡು ಸ್ಥಾಯಿಯ ಬಿಳಿ ಒಂದರಿಂದ ಬಿಳಿ ಆರರವರೆಗೆ (ಅಂದರೆ ಒಂದನೇ ಬಿಳಿ ಮನೆಯಿಂದ ಆರನೆಯದರವರೆಗೆ; ಮನೆ ಎಂದರೆ ಬೆರಳಿಂದ ಒತ್ತುವ ಪಟ್ಟಿ) ಆರೇಳು ವರ್ಷದ ಮಕ್ಕಳ ದನಿ ಸುಖವಾಗಿ ಓಡಾಡುತ್ತದೆ. ನೀವು ನಿಮ್ಮ ಗಂಡಸಿನ ದನಿಯಲ್ಲಿ ಹೇಳುವ ಹಾಡು ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಇರುತ್ತದೆ. ಕೆಲವು ಮಕ್ಕಳು ಅದನ್ನು ತಾವಾಗಿ ಮೇಲಕ್ಕೆ ಎತ್ತಿಕೊಳ್ಳುತ್ತಾರೆ, ಕೆಲವರು ನಿಮ್ಮ ದನಿಯನ್ನೇ ಹಿಡಿಯಹೋಗಿ ಗಂಟಲು ಒತ್ತುತ್ತಾರೆ. ಶ್ರುತಿ ಸೇರಿಸಿ ಹಾಡುವ ಒಂದು ಮಗುವಿನಿಂದ ಮೊದಲ ಸಾಲು ಹೇಳಿಸಿ, ಉಳಿದವರು ಆ ಮಗುವನ್ನು ಅನುಸರಿಸಲಿ. ಶಿಕ್ಷಕಿಯರಿಗೆ ಇನ್ನೊಂದು ತೊಡಕು: ಐದನೇ ಮನೆಯಲ್ಲಿ ಹಾಡಿ ರೂಢಿಯಾದವರ ಷಡ್ಜ (ಹಾಡಿಗೆ ಆಧಾರವಾದ ‘ಸ’) ಮಕ್ಕಳಿಗೆ ತೀರಾ ತಗ್ಗು. ಅಂಥವರು ತಮ್ಮ ಮಧ್ಯಮವನ್ನೇ (‘ಮ’) ಷಡ್ಜ ಮಾಡಿಕೊಂಡು ಹಾಡಲಿ, ಅದು ಮಕ್ಕಳ ಒಂದನೇ ಮನೆಗೆ ಸರಿಯಾಗಿ ಬೀಳುತ್ತದೆ.

ರಾಷ್ಟ್ರಗೀತೆ ಷಡ್ಜದಲ್ಲಿ ಹೊರಟು ‘ಜಯ ಹೇ’ಯಲ್ಲಿ ತಾರ ಷಡ್ಜ (ಮೇಲಿನ ಸ್ಥಾಯಿಯ ‘ಸ’) ಮುಟ್ಟುತ್ತದೆ. ಹೊರಡುವ ಸ್ವರವೇ ಮೂರನೇ ಮನೆಯಲ್ಲಿದ್ದರೆ ತುದಿಯಲ್ಲಿ ಕಿರುಚದೆ ಗತಿಯಿಲ್ಲ. ಒಂದನೇ ಮನೆಯ ಸ್ವರವನ್ನು ಮೊಬೈಲಿನ ತಂಬೂರಿಯಿಂದ ಐದು ಸೆಕೆಂಡ್ ಕೇಳಿಸಿ ಆಮೇಲೆ ಶುರು ಮಾಡಿಸಿ. ಹಾಡಿನ ಅವಧಿ ಸುಮಾರು 52 ಸೆಕೆಂಡ್. ಗಡಿಯಾರ ಹಿಡಿದು ನೋಡಿ, ತುಂಬ ಮೊದಲೇ ಮುಗಿದರೆ ಅಲ್ಲೂ ಓಟ ಇದೆ ಎಂದೇ ಅರ್ಥ.

ಪ್ರಶ್ನೆ: ಒಬ್ಬ ಹುಡುಗ ಎಲ್ಲ ಸಾಲನ್ನೂ ಒಂದೇ ಸ್ವರದಲ್ಲಿ ಹೇಳುತ್ತಾನೆ. ವಾರ್ಷಿಕೋತ್ಸವಕ್ಕೆ ತುಟಿ ಮಾತ್ರ ಆಡಿಸು ಎನ್ನಬಹುದೇ? – ಶಿಕ್ಷಕಿ, ಪುತ್ತೂರು

ಉತ್ತರ: ದಯವಿಟ್ಟು ಬೇಡ. ಆ ಮಾತು ಕೇಳಿದ ಮಗು ಮುಂದೆ ಹಾಡಲು ಬಾಯಿಯನ್ನೇ ತೆರೆಯದೆ ಹೋಗಬಹುದು. ಹೆಚ್ಚಿನ ಸಲ ಅಂಥ ಮಗುವಿನ ಕಿವಿ ಸರಿಯಾಗಿಯೇ ಇರುತ್ತದೆ, ಮಾತಿನ ದನಿಯಿಂದ ಹಾಡಿನ ದನಿಗೆ ಏರುವ ದಾರಿ ಗೊತ್ತಿರುವುದಿಲ್ಲ. ಆಂಬುಲೆನ್ಸಿನ ಸೈರನ್ನಿನಂತೆ ‘ಊ’ ಎಂದು ಕೆಳಗಿನಿಂದ ಮೇಲಕ್ಕೆ ಜಾರಿಸಿ, ಮತ್ತೆ ಇಳಿಸಿ. ಆಮೇಲೆ ಅವನೇ ಒಂದು ಸ್ವರ ಹಿಡಿಯಲಿ, ನೀವು ಅದಕ್ಕೆ ಸೇರಿಕೊಳ್ಳಿ. ದನಿ ಎರಡೂ ಒಂದಾಗುವುದು ಹೇಗಿರುತ್ತದೆ ಎಂದು ಅವನಿಗೆ ಹೀಗೆ ಮೊದಲ ಸಲ ತಿಳಿಯುತ್ತದೆ. ಅಲ್ಲಿಂದ ಒಂದೊಂದೇ ಸ್ವರ ಮೇಲಕ್ಕೆ ಕರೆದೊಯ್ಯಿರಿ, ದಿನಕ್ಕೆ ಎರಡು ನಿಮಿಷ ಸಾಕು. ಹಾಡು ಮೋಹನ ರಾಗದ ಐದು ಸ್ವರಗಳಲ್ಲಿದ್ದರೆ (ಸ ರಿ ಗ ಪ ದ) ಇನ್ನೂ ಒಳ್ಳೆಯದು. ಅಲ್ಲಿ ಅರ್ಧ ಸ್ವರದ ಇಕ್ಕಟ್ಟಿಲ್ಲ. ಸರಳೆ ವರಸೆಗೆ, ಅಂದರೆ ಸಂಗೀತದ ಮೊದಲ ಸ್ವರಪಾಠಗಳಿಗೆ, ಪುರಂದರದಾಸರ ಕಾಲದಿಂದ ನಡೆದುಬಂದಿದೆ ಎನ್ನುವ ಮಾಯಾಮಾಳವಗೌಳದಲ್ಲಿ ‘ಸ–ರಿ’, ‘ಪ–ದ’ ಒತ್ತೊತ್ತಾಗಿವೆ, ಈ ವಯಸ್ಸಿನ ಇಡೀ ತರಗತಿಗೆ ಅದು ಆಮೇಲೆ ಸಾಕು.

ಪ್ರಶ್ನೆ: ವಾದ್ಯಗಳಿಗೆ ಹಣವಿಲ್ಲ. ಬಾಟಲಿಗೆ ಕಾಳು ತುಂಬಿ ಕೊಟ್ಟರೆ ಬರೀ ಗದ್ದಲ. – ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು

ಉತ್ತರ: ಬಾಟಲಿಯನ್ನು ಅಲ್ಲಾಡಿಸಿದಾಗ ಹೋಗುವಾಗ ಒಂದು ಸದ್ದು, ಬರುವಾಗ ಇನ್ನೊಂದು. ಪೆಟ್ಟು ಯಾವುದು ಎಂದು ಮಗುವಿಗೆ ತಿಳಿಯದು. ಬಾಟಲಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಅಂಗೈಗೆ ಬಡಿಯಲು ಹೇಳಿ, ಸದ್ದು ಒಂದೇ ಕಡೆ ಕೂಡುತ್ತದೆ. 200 ಮಿ.ಲೀ. ಬಾಟಲಿಗೆ ಕಾಲು ಭಾಗ ರಾಗಿ ಸಾಕು. ಅರ್ಧ ದಾಟಿದರೆ ಕಾಳು ಹೊರಳಲು ಜಾಗವಿಲ್ಲದೆ ಸದ್ದು ಸಾಯುತ್ತದೆ. ಮುಚ್ಚಳಕ್ಕೆ ಗಮ್ ಹಚ್ಚಿ ಮೇಲೆ ಟೇಪ್ ಸುತ್ತಿ. ಮೂರು ವರ್ಷದ ಮಗು ಅದನ್ನು ತಿರುಗಿಸಿಯೇ ತಿರುಗಿಸುತ್ತದೆ, ಕಾಳು ಮೂಗಿಗೂ ಹೋದೀತು.

ತಾಳಕ್ಕೆ ಇದಕ್ಕಿಂತ ಒಳ್ಳೆಯದು ತೆಂಗಿನ ಕರಟ. ಒಂದೇ ಕಾಯಿಯ ಎರಡು ಹೋಳುಗಳ ನಾರು ಹೆರೆದು, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಸಪಾಟು ಮಾಡಿ. ಅಂಚಿಗೆ ಅಂಚು ಬಡಿದರೆ ಕಟ್ ಎಂಬ ಗಟ್ಟಿ ಸದ್ದು ಬರುತ್ತದೆ. ಮೂವತ್ತು ಮಕ್ಕಳಿದ್ದರೆ ಆರು ಜೊತೆ ಮಾಡಿ, ಹೆಚ್ಚು ಬೇಡ. ಕರಟ ಹಿಡಿದವರು ಪೆಟ್ಟು ಹಾಕಲಿ, ಉಳಿದವರು ಹಾಡುತ್ತ ಹೆಜ್ಜೆ ಹಾಕಲಿ. ಪ್ರತಿ ಪದ್ಯ ಮುಗಿದಾಗ ಕರಟ ಪಕ್ಕದವರ ಕೈಗೆ ಹೋಗಲಿ. ಕಾಯುವಾಗಲೂ ಕಾಲು ನಡೆಯುತ್ತಿರುವುದರಿಂದ, ಕರಟ ಕೈಗೆ ಬಂದ ಕೂಡಲೇ ಪೆಟ್ಟು ಸರಿಯಾದ ಜಾಗದಲ್ಲಿ ಬೀಳುತ್ತದೆ.